ಡಾಕ್ಟರೇಟ್ ಮತ್ತು ದೇವರ ಕರೆ: ಫರ್ಡಿನಾಂಡ್ ಕಿಟ್ಟೆಲ್ ಅವರ ಜೀವನದಿಂದ ಕಲಿಯುವುದು

(ಕೊಣನೂರಿನಲ್ಲಿ ನಡೆದ ಯೌವನಸ್ಥರ ಕೂಟದಲ್ಲಿ ಕೊಟ್ಟ ಸಂದೇಶದ ಬರಹ ರೂಪ)

ಬೆಂಗಳೂರು, ಮೈಸೂರು, ಹಾಸನದಿಂದ ಬಸ್ಸು ಹತ್ತಿ ಈ ಕಾವೇರಿ ದಡದ ಊರಿಗೆ ಬಂದಿದ್ದೀರಿ. ಕೆಲವರು ಬಂದ ಕೂಡಲೇ ತೂಗುಸೇತುವೆ ಮೇಲೆ ನಿಂತು ಫೋಟೋ ತೆಗೆದು ಸ್ಟೇಟಸ್ ಹಾಕಿದ್ದನ್ನೂ ನೋಡಿದೆ. ಸಂತೋಷ. ಈಗ ಒಂದು ಗಂಟೆ ಮೊಬೈಲ್ ಪಕ್ಕಕ್ಕಿಡಿ. ಸತ್ಯವೇದ ಅದರಲ್ಲೇ ಇದೆ ಅನ್ನೋರು ಮಾತ್ರ ಕೈಯಲ್ಲಿ ಇಟ್ಕೊಳ್ಳಿ.

ತಿಮೊಥೆಯನಿಗೆ ಬರೆದ ಎರಡನೇ ಪತ್ರ, ನಾಲ್ಕನೇ ಅಧ್ಯಾಯ, ಹದಿಮೂರನೇ ವಚನ ತೆಗೆಯಿರಿ. ಇದರ ಮೇಲೆ ಸಾಮಾನ್ಯವಾಗಿ ಯಾರೂ ಸಂದೇಶ ಕೊಡೋದಿಲ್ಲ. ಪೌಲನು ಸೆರೆಮನೆಯಲ್ಲಿದ್ದಾನೆ. ಸಾವು ಹತ್ತಿರ ಇದೆ ಅಂತ ಅವನಿಗೆ ಗೊತ್ತು. ಚಳಿಗಾಲ ಬರ್ತಾ ಇದೆ. ಆಗ ತಿಮೊಥೆಯನ ಹತ್ತಿರ ಅವನು ಕೇಳೋದು ಎರಡು ವಸ್ತು. ಒಂದು, ತ್ರೋವದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟುಬಂದ ತನ್ನ ಮೇಲಂಗಿ. ಇನ್ನೊಂದು, ತನ್ನ ಪುಸ್ತಕಗಳು, ಮುಖ್ಯವಾಗಿ ಚರ್ಮದ ಕಾಗದಗಳು. ಗಮನಿಸಿ ದೇವಜನರೇ. ಮೂರನೇ ಆಕಾಶದ ತನಕ ಒಯ್ಯಲ್ಪಟ್ಟ ಮನುಷ್ಯ ಇವನು, ಎಲ್ಲರಿಗಿಂತ ಹೆಚ್ಚಾಗಿ ಅನ್ಯಭಾಷೆಗಳಲ್ಲಿ ಮಾತಾಡಿದವನು. ಅಭಿಷೇಕಕ್ಕೆ ಅವನಲ್ಲಿ ಯಾವ ಕೊರತೆ ಇತ್ತು? ಆದರೂ ಕೊನೆಯ ಚಳಿಗಾಲದಲ್ಲಿ ಅವನಿಗೆ ಪುಸ್ತಕ ಬೇಕಾಯ್ತು.

ಈ ವಚನ ಯಾಕೆ ತೆಗೆದೆ ಅಂತ ಹೇಳ್ತೀನಿ. ಹೋದ ವಾರ ನಮ್ಮ ಸಭೆಯ ಒಬ್ಬ ಸಹೋದರಿ ನನ್ನ ಹತ್ತಿರ ಒಂದು ಅರ್ಜಿ ತಂದ್ರು. ಬಿ.ಡಿ. ಮುಗಿಸಿ ಎಂ.ಟಿಎಚ್. ಕೂಡ ಮಾಡಿದ್ದಾರೆ. ಈಗ ಕ್ರೈಸ್ತ ದೇವಶಾಸ್ತ್ರದಲ್ಲಿ ಡಾಕ್ಟರೇಟ್‌ಗೆ ಅರ್ಜಿ ಹಾಕ್ತಾರೆ. ಅದರ ಜೊತೆ ಪಾಸ್ಟರ್ ಶಿಫಾರಸು ಪತ್ರ ಬೇಕು. ತಂದೆಯವರು ಹೊಗೆಸೊಪ್ಪು ಬೆಳೆಯೋರು. ರಾಮನಾಥಪುರದ ಹರಾಜಿನಲ್ಲಿ ಈ ಸಲ ಯಾವ ರೇಟು ಸಿಗುತ್ತೋ ಅನ್ನೋದರ ಮೇಲೆ ಆ ಮನೆಯ ವರ್ಷ ನಿಂತಿದೆ. ಮಗಳಿಗೆ ಮದುವೆ ಮಾಡ್ಬೇಕು ಅಂತ ತಾಯಿಗೆ ಆಸೆ. ಇನ್ನು ಸಭೆಯ ಹಿರಿಯರಲ್ಲಿ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಪ್ರೀತಿಯಿಂದಲೇ ಹೇಳಿದ್ರು: ಅಯ್ಯನವರೇ, ಅತಿಯಾಗಿ ಓದಿದವರ ಬೆಂಕಿ ಆರಿಹೋಗಿದ್ದನ್ನ ನಾವು ಕಂಡಿದ್ದೀವಿ, ನೀವು ಸೈನ್ ಮಾಡೋ ಮುಂಚೆ ಯೋಚನೆ ಮಾಡಿ ಅಂತ. ಪ್ರಾರ್ಥಿಸಿ ಹೇಳ್ತೀನಿ ಅಂದೆ. ಆ ಸಹೋದರಿಗೂ ಆ ಹಿರಿಯರಿಗೂ ಇವತ್ತಿನ ಸಂದೇಶವೇ ನನ್ನ ಉತ್ತರ. ನಿಮ್ಮಲ್ಲೂ ಇನ್ನೂ ಇಬ್ಬರು ಮೂವರು ಇದೇ ಯೋಚನೆಯಲ್ಲಿ ಇದ್ದೀರಿ ಅಂತ ನನಗೆ ಗೊತ್ತು.

ನಾನು ಸಿದ್ಧಾಂತ ಹೇಳೋದಿಲ್ಲ, ಒಬ್ಬ ದೇವಸೇವಕರ ಜೀವನ ಹೇಳ್ತೀನಿ. ನೀವೆಲ್ಲ ಹೆಸರು ಕೇಳಿದ್ದೀರಿ. ಬೆಂಗಳೂರಿನ ಎಂ.ಜಿ. ರಸ್ತೆಯ ಕೊನೆಯಲ್ಲಿ ಅವರ ಪ್ರತಿಮೆ ಇದೆ. ಆಸ್ಟಿನ್ ಟೌನ್‌ಗೆ ಅವರ ಹೆಸರಿಟ್ಟಿದ್ದಾರೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್. ನಿಘಂಟು ಬರೆದವರು ಅಂತ ಶಾಲೆಯಲ್ಲಿ ಓದಿದ್ದೀರಿ. ಅವರು ಸುವಾರ್ತೆಗಾಗಿ ಬಂದವರು ಅನ್ನೋದನ್ನ ನಾಡು ಮರೆತಿರಬಹುದು, ನಾವು ಮರೀಬಾರದು.

ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್‌ನಲ್ಲಿ, ಜರ್ಮನಿಯ ಉತ್ತರ ತುದಿಯಲ್ಲಿ, ಸಮುದ್ರಕ್ಕೆ ಹತ್ತಿರದ ರೆಸ್ಟರ್‌ಹಾಫೆ ಅನ್ನೋ ಸಣ್ಣ ಊರಲ್ಲಿ. ತಂದೆ ಸಭಾಪಾಲಕರು. ಹುಡುಗನಿಗೆ ಭಾಷೆಗಳು ಒಲಿದವು. ಹೀಬ್ರೂ, ಗ್ರೀಕ್, ಲ್ಯಾಟಿನ್ ಕಲಿತ. ಅದೇ 1832ರಲ್ಲಿ ಇಲ್ಲಿ ನಮ್ಮ ಕಡೆ ಇನ್ನೊಂದು ಕೆಲಸ ಆಯ್ತು. ವಿಲಿಯಂ ರೀವ್ ಅನ್ನೋ ಮಿಷನರಿಯ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯ್ತು. ಒಬ್ಬರ ಕೆಲಸ ಮುಗಿಯೋ ವರ್ಷದಲ್ಲೇ ಅದನ್ನ ಮುಂದುವರಿಸೋ ಮಗುವನ್ನ ಕರ್ತನು ಎಷ್ಟೋ ಸಾವಿರ ಮೈಲಿ ದೂರದಲ್ಲಿ ಹುಟ್ಟಿಸಿದ್ದ. ಹಲ್ಲೆಲೂಯಾ.

1850ರಲ್ಲಿ, ಹದಿನೆಂಟನೇ ವಯಸ್ಸಿಗೆ, ಕಿಟ್ಟೆಲ್ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್‌ನ ತರಬೇತಿ ಶಾಲೆ ಸೇರಿದರು. ಇಲ್ಲಿ ಒಂದು ವಿಷಯ ಗುರುತು ಮಾಡ್ಕೊಳ್ಳಿ. ಅದು ವಿಶ್ವವಿದ್ಯಾಲಯ ಅಲ್ಲ, ಮಿಷನರಿಗಳನ್ನ ತಯಾರು ಮಾಡೋ ಮನೆ. ಅಲ್ಲಿಗೆ ಬರ್ತಿದ್ದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ಸಾಧಾರಣ ಕುಟುಂಬದ ಹುಡುಗರು. ಉತ್ತರದಿಂದ ಬಂದ, ಹೆಚ್ಚು ಓದಿದ ಈ ಹುಡುಗ ಅವರ ನಡುವೆ ಬೇರೆಯವನ ಹಾಗೆ ಕಂಡ. ಓದಿದವನ ಮೇಲೆ ಸಂದೇಹ ಅನ್ನೋದು ನಮ್ಮ ಸಭೆಯಲ್ಲಿ ಹುಟ್ಟಿದ್ದಲ್ಲ ಪ್ರಿಯರೇ, ಅದು ಹಳೇ ಕಾಯಿಲೆ.

1853ರಲ್ಲಿ ಅವರು ಭಾರತಕ್ಕೆ ಬಂದರು. ಇಪ್ಪತ್ತೊಂದು ವಯಸ್ಸು. ಇಲ್ಲಿ ಕೂತಿರೋ ನಿಮ್ಮಲ್ಲಿ ಅರ್ಧ ಜನರ ವಯಸ್ಸು. ಧಾರವಾಡ, ಮಂಗಳೂರು, ಮಡಿಕೇರಿ, ಹೀಗೆ ಅವರ ಸೇವೆ ನಡೀತು. ಮಡಿಕೇರಿ ಅಂದ್ರೆ ಕೊಡಗು, ನಮ್ಮ ಕಾವೇರಿ ಹುಟ್ಟೋ ನಾಡು. ಅಲ್ಲಿಂದ ಹರಿದು ಬಂದ ನೀರೇ ಈ ಕಟ್ಟಡದ ಹಿಂದೆ ಹೋಗ್ತಾ ಇದೆ.

ಕನ್ನಡಿಗರಿಗೆ ಸುವಾರ್ತೆ ಹೇಳ್ಬೇಕಾದ್ರೆ ಕನ್ನಡಿಗರಿಗೆ ಕನ್ನಡಿಗನೇ ಆಗಬೇಕು ಅನ್ನೋದು ಅವರ ಮನಸ್ಸು. ಇದನ್ನ ಅವರು ಪೌಲನಿಂದ ಕಲಿತರು. ಪೌಲನು ಯೆಹೂದ್ಯರಿಗೆ ಯೆಹೂದ್ಯನಂತೆ ಆದೆ ಅಂತ ಕೊರಿಂಥದವರಿಗೆ ಬರೆದಿದ್ದಾನಲ್ಲ, ಅದನ್ನ ಕಿಟ್ಟೆಲ್ ಹಾಗೇ ನಂಬಿದ್ರು. ಅದಕ್ಕೆ ಜನರ ನಡುವೆ ಕೂತರು, ಅವರ ಪದ್ಧತಿ ನೋಡಿದರು, ಸಂಗೀತ ಕಲಿತರು. 1862ರಲ್ಲಿ ಕಥಾಮಾಲೆ ಅನ್ನೋ ಪುಸ್ತಕದಲ್ಲಿ ಯೇಸುವಿನ ಜೀವನವನ್ನ ನಮ್ಮ ದೇಶದ ಛಂದಸ್ಸಿನಲ್ಲಿ, ಪದ್ಯವಾಗಿ ಬರೆದರು. ಜರ್ಮನ್ ಹಾಡನ್ನ ಕನ್ನಡಕ್ಕೆ ಇಳಿಸಿ ಕೈತೊಳ್ಕೊಳ್ಳಲಿಲ್ಲ. ಕನ್ನಡದ ಕಿವಿಗೆ ಹಿತವಾಗೋ ಹಾಗೆ ಕರ್ತನ ಕಥೆ ಹೇಳಿದರು.

ಇದಕ್ಕೆ ಮೆಚ್ಚುಗೆ ಬಂತಾ? ಮಿಷನ್‌ನೊಳಗೇ ಟೀಕೆ ಬಂತು. ಭಾಷೆಯ ಹಿಂದೆ ಬಿದ್ದಿದ್ದಾನೆ, ಇವನು ಮಿಷನರಿಯೋ ಪಂಡಿತನೋ ಅನ್ನೋ ಹಾಗೆ ನೋಡಿದ್ರು. ಮನೆಯಲ್ಲೂ ಕಷ್ಟ. ಸೇವೆಯ ಆ ವರ್ಷಗಳಲ್ಲೇ ಅವರ ಹೆಂಡತಿ ಪೌಲೀನಾ ತೀರಿಕೊಂಡರು. ಚಿಕ್ಕ ಮಕ್ಕಳ ತಂದೆಯಾಗಿ ಉಳಿದರು. ಮುಂದೆ ಪೌಲೀನಾ ಅವರ ಸಹೋದರಿ ಯೂಲಿಯಾ ಅವರನ್ನ ಮದುವೆಯಾಗಿ ಮತ್ತೆ ಈ ದೇಶಕ್ಕೇ ಬಂದರು.

ಅವರ ಓದು ಹೇಗಿತ್ತು ನೋಡಿ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನ ಸಂಪಾದಿಸಿ ಮಂಗಳೂರಲ್ಲಿ ಅಚ್ಚು ಹಾಕಿಸಿದರು. ಅದು ಹಳಗನ್ನಡದ ವ್ಯಾಕರಣ. ಅದೇ ಹೊತ್ತಿಗೆ ಯಜ್ಞದ ವಿಷಯವಾಗಿ ಒಂದು ಪುಸ್ತಕ ಬರೆದರು, ಯಜ್ಞಸುಧಾನಿಧಿ ಅಂತ. ಈ ನಾಡಿನ ಜನ ಬಲಿ, ಯಜ್ಞ ಅಂದಾಗ ಏನನ್ನ ಅರ್ಥ ಮಾಡ್ಕೊಳ್ತಾರೆ ಅಂತ ತಿಳಿಯದೆ ಕಲ್ವಾರಿಯ ಬಲಿಯನ್ನ ಅವರಿಗೆ ಹೇಳೋದು ಹೇಗೆ? 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥ ತಂದರು. ಓಲೆಗರಿ ಓದಿ, ಪ್ರತಿಗಳನ್ನ ಒಂದಕ್ಕೊಂದು ಹೋಲಿಸಿ, ತಪ್ಪು ತಿದ್ದಿ ಮಾಡಿದ ಕೆಲಸ ಇದು. ಇವತ್ತು ನೀವು ಸಂಶೋಧನೆ ಅನ್ನೋ ಹೆಸರಲ್ಲಿ ಕಲಿಯೋದೆಲ್ಲ ಅದರಲ್ಲಿ ಇತ್ತು. ಅವರಿಗೆ ಗೈಡ್ ಇರ್ಲಿಲ್ಲ, ಫೆಲೋಶಿಪ್ ಇರ್ಲಿಲ್ಲ. ನೆರವಾದ ಕನ್ನಡ ಪಂಡಿತರಿದ್ದರು, ಮಿಷನ್ ಕೊಟ್ಟ ಜವಾಬ್ದಾರಿ ಇತ್ತು.

ಆಮೇಲೆ ಆ ದೊಡ್ಡ ಕೆಲಸ, ನಿಘಂಟು. 1877ರಲ್ಲಿ ಅವರು ಜರ್ಮನಿಗೆ ಹೋಗಿದ್ದರು. ಬೇರೆಯವರಾಗಿದ್ರೆ ಅಲ್ಲೇ ನೆಮ್ಮದಿಯಾಗಿ ಇರ್ತಿದ್ರು. 1883ರಲ್ಲಿ, ಐವತ್ತು ದಾಟಿದ ಮೇಲೆ, ಹೆಂಡತಿ ಮಕ್ಕಳನ್ನ ಅಲ್ಲೇ ಬಿಟ್ಟು ಒಬ್ಬರೇ ಮತ್ತೆ ಬಂದರು. ಯಾಕೆ? ಪದಗಳಿಗಾಗಿ. ರೈತನ ಬಾಯಲ್ಲಿ ಬರೋ ಪದ, ಗಾದೆಯಲ್ಲಿ ಉಳಿದ ಪದ, ಹಳೇ ಕಾವ್ಯದಲ್ಲಿ ಅಡಗಿದ ಪದ. ಒಂದೊಂದಕ್ಕೂ ತಮಿಳು, ತೆಲುಗು, ಮಲಯಾಳಂ, ತುಳುವಿನಲ್ಲಿ ನೆಂಟರು ಯಾರು ಅಂತ ಹುಡುಕಿ ಬರೆದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅದು ಹೊರಬಂತು. ಸಾವಿರದ ಏಳು ನೂರಕ್ಕೂ ಮೀರಿದ ಪುಟ, ಸುಮಾರು 70 ಸಾವಿರ ಪದ. ಇಪ್ಪತ್ತೊಂದರಲ್ಲಿ ಬಂದ ಹುಡುಗನಿಗೆ ಆಗ ಅರವತ್ತೆರಡು.

ಎರಡು ವರ್ಷ ಕಳೀತು. 1896ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆ ಪದವಿ ಬಂದ ಮೇಲೂ ಅವರು ಪೆನ್ನು ಕೆಳಗಿಡಲಿಲ್ಲ. ಕನ್ನಡದ ವ್ಯಾಕರಣ ಬರೆದು 1903ರಲ್ಲಿ ಪ್ರಕಟಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲಿ ಕರ್ತನ ಸನ್ನಿಧಿಗೆ ಸೇರಿದರು. ಪೌಲನಿಗೆ ಕೊನೆಯ ಚಳಿಗಾಲದಲ್ಲಿ ಪುಸ್ತಕ ಬೇಕಾಗಿದ್ದ ಹಾಗೆ, ಕಿಟ್ಟೆಲ್ ಕೂಡ ಕೊನೆಯ ವರ್ಷದ ತನಕ ಪುಸ್ತಕದ ಜೊತೆಗೇ ಇದ್ದರು.

ಈಗ ನಮ್ಮ ವಿಷಯಕ್ಕೆ ಬರೋಣ. ಈ ಜೀವನದಿಂದ ಮೂರು ಮಾತು.

ಮೊದಲನೇದು. ಓದು ಮತ್ತು ಅಭಿಷೇಕ ಒಂದಕ್ಕೊಂದು ಶತ್ರು ಅಲ್ಲ. ಸತ್ಯವೇದದಲ್ಲಿ ದೇವರ ಆತ್ಮನಿಂದ ತುಂಬಿದವನು ಅಂತ ಸ್ಪಷ್ಟವಾಗಿ ಹೆಸರು ಹಿಡಿದು ಹೇಳಿರೋ ಮೊದಲಿನವರಲ್ಲಿ ಒಬ್ಬ ಯಾರು? ವಿಮೋಚನಕಾಂಡ ಮೂವತ್ತೊಂದು ನೋಡಿ. ಬೆಚಲೇಲ. ಅವನು ಪ್ರವಾದಿಯೂ ಅಲ್ಲ, ಯಾಜಕನೂ ಅಲ್ಲ. ಬಂಗಾರ, ಬೆಳ್ಳಿ, ಮರದಲ್ಲಿ ಕೆಲಸ ಮಾಡೋ ಕುಶಲಿ. ಆತ್ಮನು ಅವನಿಗೆ ಜ್ಞಾನ, ವಿವೇಕ, ಕೈಯ ನೈಪುಣ್ಯ ಕೊಟ್ಟನು. ಹಾಗಾದ್ರೆ ಹತ್ತು ವರ್ಷ ಒಂದು ಪದದ ಹಿಂದೆ ಹೋಗೋ ತಾಳ್ಮೆಯನ್ನ ಆತ್ಮನು ಕೊಡಲಾರನಾ? ಕೊಡ್ತಾನೆ. ಆಮೆನ್.

ಆದರೆ ನಮ್ಮ ಹಿರಿಯರ ಮಾತನ್ನ ನಾನು ಹಗುರ ಮಾಡೋದಿಲ್ಲ. ಜ್ಞಾನ ಉಬ್ಬಿಸುತ್ತೆ, ಪ್ರೀತಿ ಕಟ್ಟುತ್ತೆ ಅನ್ನೋದೂ ಪೌಲನ ಬೋಧನೆಯೇ. ಫಿಲಿಪ್ಪಿಯವರಿಗೆ ಬರೆಯೋವಾಗ ತನಗೆ ಲಾಭವಾಗಿದ್ದೆಲ್ಲ ಕ್ರಿಸ್ತನ ಮುಂದೆ ಕಸ ಅಂತ ಎಣಿಸಿದ್ದೂ ಅವನೇ. ಗಮಲಿಯೇಲನ ಪಾದದ ಬಳಿ ಕಲಿತದ್ದನ್ನ ಅವನು ಮರೆತನಾ? ಇಲ್ಲ. ಅದರ ಮೇಲೆ ಹೆಮ್ಮೆಪಡೋದನ್ನ ಬಿಟ್ಟ, ಅದನ್ನ ಬಳಸೋದನ್ನ ಬಿಡಲಿಲ್ಲ. ಹಿರಿಯರು ಕಂಡ ಆರಿದ ಬೆಂಕಿ ನಿಜ. ಅದು ಓದಿದ್ದಕ್ಕೆ ಆರಿದ್ದಲ್ಲ. ಓದೋ ವರ್ಷಗಳಲ್ಲಿ ಮೊಣಕಾಲೂರೋದು ನಿಂತಿದ್ದಕ್ಕೆ, ಭಾನುವಾರ ಸಭೆಗೆ ಬರೋದು ಬಿಟ್ಟಿದ್ದಕ್ಕೆ ಆರಿದ್ದು. ಸಾಫ್ಟ್‌ವೇರ್ ಕೆಲಸಕ್ಕೆ ಹೋದವರ ಬೆಂಕಿಯೂ ಹಾಗೇ ಆರಿದೆಯಲ್ಲ? ಆಗ ನಾವು ಕಂಪ್ಯೂಟರನ್ನ ಬೈಯಲಿಲ್ಲ.

ಎರಡನೇದು. ಪದವಿ ಮುಂದೆ ಹೋಗಬಾರದು, ಕೆಲಸ ಮುಂದೆ ಹೋಗಬೇಕು. ಕಿಟ್ಟೆಲ್ ಅವರದ್ದು ಗೌರವ ಡಾಕ್ಟರೇಟ್. ಈ ಮಾತು ಕೇಳಿದ ಕೂಡಲೇ ಕೆಲವರ ಮುಖದಲ್ಲಿ ನಗು ಬಂತು, ಯಾಕೆ ಅಂತ ನನಗೆ ಗೊತ್ತು. ಇವತ್ತು ನಮ್ಮ ಪಾಸ್ಟರ್‌ಗಳ ಮೊಬೈಲಿಗೆ ವಾಟ್ಸಾಪ್ ಮೆಸೇಜ್ ಬರುತ್ತೆ. ಇಷ್ಟು ಸಾವಿರ ಕಳಿಸಿ, ಗೌನು, ಟೋಪಿ, ಸರ್ಟಿಫಿಕೇಟ್, ಹೋಟೆಲಿನಲ್ಲಿ ಸಮಾರಂಭ. ಮುಂದಿನ ವಾರ ಬ್ಯಾನರಿನಲ್ಲಿ ಹೆಸರಿನ ಹಿಂದೆ ಡಾಕ್ಟರ್. ಇದನ್ನ ನಾನು ಪಾಪ ಅಂತಲೇ ಕರೀತೀನಿ. ಮಾಡದ ಕೆಲಸಕ್ಕೆ ಗೌರವ ಕೊಂಡುಕೊಳ್ಳೋದು ಸುಳ್ಳು ಸಾಕ್ಷಿ. ಕಿಟ್ಟೆಲ್ ಅವರ ಗೌರವದ ಹಿಂದೆ ನಲವತ್ತಕ್ಕೂ ಹೆಚ್ಚು ವರ್ಷ ಇತ್ತು. ಅದೇ ಟ್ಯೂಬಿಂಗೆನ್ ಅವರಿಗಿಂತ ಮುಂಚೆ 1858ರಲ್ಲಿ ಹರ್ಮನ್ ಮೋಗ್ಲಿಂಗ್ ಅವರಿಗೂ ಗೌರವ ಡಾಕ್ಟರೇಟ್ ಕೊಟ್ಟಿತ್ತು. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಶುರು ಮಾಡಿದವರು, ಹಳೇ ಕನ್ನಡ ಗ್ರಂಥಗಳನ್ನ ಕಲ್ಲಚ್ಚಿನಲ್ಲಿ ತಂದವರು. ಇಬ್ಬರೂ ಕೆಲಸ ಮಾಡಿದರು, ಹೆಸರು ಹಿಂದೆ ಬಂತು.

ಹಾಗಾದ್ರೆ ನಮ್ಮ ಸಹೋದರಿ ಅರ್ಜಿ ಹಾಕೋದು ಪದವಿಗೆ ಆಸೆಪಟ್ಟ ಹಾಗಲ್ವಾ? ಅಲ್ಲ. ಕಿಟ್ಟೆಲ್ ಅವರ ದಿನದಲ್ಲಿ ಮಿಷನ್ ಇತ್ತು, ಪ್ರೆಸ್ ಇತ್ತು, ಸಂಬಳ ಇತ್ತು. ಹೊಗೆಸೊಪ್ಪು ಬೆಳೆಯೋರ ಮಗಳಿಗೆ ಅದ್ಯಾವುದೂ ಇಲ್ಲ. ಅವಳಿಗೆ ಗ್ರಂಥಾಲಯದ ಬಾಗಿಲು ತೆರೆಯೋದು, ತಪ್ಪು ತಿದ್ದೋ ಗುರು ಸಿಗೋದು ಪ್ರವೇಶ ಸಿಕ್ಕರೆ ಮಾತ್ರ. ನಿಜವಾದ ಅರ್ಜಿ ಅಂದ್ರೆ ನನ್ನನ್ನ ಪರೀಕ್ಷೆ ಮಾಡಿ ಅಂತ ಬಾಗಿಲಲ್ಲಿ ನಿಲ್ಲೋದು. ದುಡ್ಡು ಕಳಿಸಿ ಗೌನು ತರಿಸೋದಕ್ಕೂ ಇದಕ್ಕೂ ಆಕಾಶ ಭೂಮಿ ವ್ಯತ್ಯಾಸ.

ಈ ಬಾಗಿಲು ಎಲ್ಲೆಲ್ಲಿ ಇದೆ ಅಂತಲೂ ಹೇಳಿಬಿಡ್ತೀನಿ, ಕೆಲವರಿಗೆ ಗೊತ್ತಿಲ್ಲ. ನಮಗೆ ಹತ್ತಿರದ ಮೈಸೂರು ವಿಶ್ವವಿದ್ಯಾಲಯದಲ್ಲೇ ಕ್ರೈಸ್ತ ಅಧ್ಯಯನ ವಿಭಾಗ ಇದೆ. ಮಾನಸಗಂಗೋತ್ರಿಗೆ ಹೋಗಿ ವಿಚಾರಿಸಿ. ಬೆಂಗಳೂರಿನಲ್ಲಿ 1910ರಲ್ಲಿ ಶುರುವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇದೆ, ಅದು ಸೆರಾಂಪುರದ ಸೆನೆಟ್‌ಗೆ ಸೇರಿದ್ದು. ವಿಲಿಯಂ ಕೇರಿ ಮತ್ತು ಜೊತೆಗಾರರು 1818ರಲ್ಲಿ ಕಟ್ಟಿದ ಸೆರಾಂಪುರ ಕಾಲೇಜಿಗೆ ಡೆನ್ಮಾರ್ಕಿನ ರಾಜ 1827ರಲ್ಲಿ ಪದವಿ ಕೊಡೋ ಅಧಿಕಾರ ಕೊಟ್ಟಿದ್ದ. ಕೊತ್ತನೂರಿನಲ್ಲಿ ಸಾಯಾಕ್ಸ್ ಇದೆ. ಒಂದೊಂದರ ಮಾನ್ಯತೆ ಒಂದೊಂದು ಥರ. ಸಭೆಗಳು, ಸೆಮಿನರಿಗಳು ಒಪ್ಪೋ ಪದವಿಯನ್ನ ಸರ್ಕಾರಿ ವಿಶ್ವವಿದ್ಯಾಲಯ ಒಪ್ಪಲೇಬೇಕು ಅಂತಿಲ್ಲ. ಫೀಸು ಕಟ್ಟೋ ಮುಂಚೆ, ನಿಮ್ಮ ಎಂ.ಟಿಎಚ್. ಅಲ್ಲಿ ನಡೆಯುತ್ತಾ, ಅಲ್ಲಿಂದ ಬರೋ ಪಿಎಚ್.ಡಿ. ಎಲ್ಲೆಲ್ಲಿ ನಡೆಯುತ್ತೆ ಅಂತ ಬರವಣಿಗೆಯಲ್ಲಿ ಕೇಳಿ. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್.ಡಿ.ಗೆ ಕೋರ್ಸ್‌ವರ್ಕ್ ಸೇರಿ ಕಡಿಮೆ ಅಂದ್ರೂ ಮೂರು ವರ್ಷ ಬೇಕು, ಸಾಧಾರಣವಾಗಿ ಆರು ವರ್ಷದೊಳಗೆ ಮುಗಿಸಬೇಕು. ಮನೆಯವರ ಹತ್ತಿರ ಮಾತಾಡೋವಾಗ ಈ ಲೆಕ್ಕ ಮುಚ್ಚಿಡಬೇಡಿ. ಆರು ತಿಂಗಳಲ್ಲಿ ಕೊಡ್ತೀವಿ ಅನ್ನೋ ಕಡೆ ಕಾಲಿಡಬೇಡಿ.

ಮೂರನೇದು, ಇದೇ ಮುಖ್ಯ. ನೀವು ಯಾರಿಗಾಗಿ ಓದ್ತೀರಿ? ಅರ್ಜಿಯ ಜೊತೆ ಸಂಶೋಧನಾ ಪ್ರಸ್ತಾವನೆ ಕೇಳ್ತಾರೆ. ನಮ್ಮ ಹುಡುಗರು ಅಲ್ಲಿ ಪವಿತ್ರಾತ್ಮ ಅಂತ ವಿಷಯ ಬರೀತಾರೆ. ಅಷ್ಟು ದೊಡ್ಡ ಸಮುದ್ರವನ್ನ ಒಂದು ಪುಸ್ತಕದಲ್ಲಿ ಹಿಡಿಯೋಕಾಗುತ್ತಾ? ಕಿಟ್ಟೆಲ್ ಭಾಷೆ ಅಂತ ಹೊರಡಲಿಲ್ಲ, ಒಂದೊಂದೇ ಪದ ಹಿಡಿದರು. ನಮ್ಮ ಸಹೋದರಿ ಬರೆದಿರೋ ವಿಷಯ ಓದಿದಾಗ ನನಗೆ ಕಣ್ಣೀರು ಬಂತು. ಅರಕಲಗೂಡು ತಾಲೂಕಿನ ಹಳ್ಳಿಗಳಲ್ಲಿ ನಮ್ಮ ಅಜ್ಜಿಯರು ಸ್ವಸ್ಥತೆಯ ಸಾಕ್ಷಿ ಹೇಳೋವಾಗ ಯಾವ ಕನ್ನಡ ಮಾತು ಬಳಸ್ತಾರೆ, ಕೃಪೆ ಅಂದ್ರೆ ಅವರಿಗೆ ಏನು, ಬಿಡುಗಡೆ ಅಂದ್ರೆ ಏನು, ಅದರೊಳಗೆ ಇರೋ ದೇವಶಾಸ್ತ್ರ ಯಾವುದು. ಅದು ಅವಳ ಪ್ರಶ್ನೆ. ಇದನ್ನ ಯಾವ ಜರ್ಮನ್ ಬಂದು ಬರೀಬೇಕು? ನಮ್ಮ ಸಭೆಗಳ ಮೊದಲ ತಲೆಮಾರು ಒಬ್ಬೊಬ್ಬರಾಗಿ ಕರ್ತನ ಹತ್ತಿರ ಹೋಗ್ತಾ ಇದ್ದಾರೆ. ಅವರ ಸಾಕ್ಷಿ ಯಾವ ಪುಸ್ತಕದಲ್ಲೂ ಇಲ್ಲ. ಹತ್ತು ವರ್ಷ ತಡವಾದ್ರೆ ಕೇಳೋಕೆ ಯಾರೂ ಉಳಿಯೋದಿಲ್ಲ.

ಆ ಹಿರಿಯರಿಗೆ ನಾನು ವಿನಯದಿಂದ ಹೇಳೋದು ಇದು. ಅಣ್ಣ, ಈ ಹುಡುಗಿ ಓದಿ ದೂರ ಹೋಗ್ತಾಳೆ ಅಂತ ನಿಮ್ಮ ಭಯ. ಅವಳು ಓದೋಕೆ ಹೊರಟಿರೋದು ನಿಮ್ಮ ತಾಯಿಯ ಪ್ರಾರ್ಥನೆಯನ್ನೇ. ಅವಳ ಮೊದಲ ಪಾಠ ನಿಮ್ಮ ಮನೆ ಜಗಲಿಯಲ್ಲಿ ನಡೆಯುತ್ತೆ. ಅವಳ ಬೆಂಕಿ ಕಾಯೋ ಕೆಲಸ ನಿಮ್ಮದೇ. ಕಳಿಸಿಬಿಟ್ಟು ಆಮೇಲೆ ಆರಿಹೋಯ್ತು ಅನ್ನೋದು ಬೇಡ, ತಿಂಗಳಿಗೊಮ್ಮೆ ಫೋನ್ ಮಾಡಿ ಪ್ರಾರ್ಥನೆ ಮಾಡಿ. ತಾಯಿಗೆ ಹೇಳೋದು: ಅಮ್ಮ, ಮದುವೆಯನ್ನೂ ಕರ್ತನೇ ನಡೆಸ್ತಾನೆ, ಡಾಕ್ಟರೇಟ್ ಮಾಡೋ ಹುಡುಗಿಗೆ ಗಂಡು ಸಿಗೋದಿಲ್ಲ ಅಂತ ಸತ್ಯವೇದದಲ್ಲಿ ಎಲ್ಲೂ ಬರೆದಿಲ್ಲ. ಸಹೋದರಿಗೆ ಹೇಳೋದು: ಮಗಳೇ, ಪ್ರವೇಶ ಸಿಗದೇ ಇರಬಹುದು. ಪರೀಕ್ಷೆಯಲ್ಲಿ, ಸಂದರ್ಶನದಲ್ಲಿ ಬೇಡ ಅನ್ನಬಹುದು. ಆಗ ಕರೆಯೇ ಸುಳ್ಳು ಅಂತ ಕುಗ್ಗಬೇಡ. ಕಿಟ್ಟೆಲ್ ಅವರನ್ನ ಅವರವರೇ ಸಂದೇಹದಿಂದ ನೋಡಿದ ವರ್ಷಗಳಲ್ಲೂ ಪದಗಳು ಅವರ ಕೈ ಬಿಡಲಿಲ್ಲ. ನೀನು ಅಜ್ಜಿಯರ ಮಾತು ಬರೆದುಕೊಳ್ಳೋಕೆ ಯಾರ ಅಪ್ಪಣೆಯೂ ಬೇಡ. ಅರ್ಜಿಯ ಉತ್ತರ ಬರೋ ಮುಂಚೆಯೇ ಈ ವಾರವೇ ಶುರು ಮಾಡು.

ಶಿಫಾರಸು ಪತ್ರಕ್ಕೆ ನಾನು ಸೈನ್ ಮಾಡ್ತೀನಿ. ಅವಳ ಅಂಕಗಳ ವಿಷಯ ಅಂಕಪಟ್ಟಿಯೇ ಹೇಳುತ್ತೆ. ನಾನು ಬರೆಯೋದು ಒಂದೇ: ಈ ಸಹೋದರಿ ಸಭೆಯ ನೆಲ ಗುಡಿಸಿದವಳು, ಭಾನುವಾರ ಮಕ್ಕಳಿಗೆ ವಾಕ್ಯ ಕಲಿಸಿದವಳು, ಇವಳ ಹಿಂದೆ ಒಂದು ಸಭೆ ಮೊಣಕಾಲಲ್ಲಿ ಇದೆ ಅಂತ. ಆ ಕೊನೆಯ ಮಾತು ಸತ್ಯವಾಗಿರಬೇಕಾದ್ರೆ ನೀವೆಲ್ಲ ಈಗ ನನ್ನ ಜೊತೆ ಮೊಣಕಾಲೂರಬೇಕು. ಬನ್ನಿ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ಬೆಚಲೇಲನನ್ನ ತುಂಬಿದ ನಿನ್ನ ಆತ್ಮನಿಂದ ಈ ಯೌವನಸ್ಥರನ್ನ ತುಂಬು. ಓದೋಕೆ ಕರೆದವರಿಗೆ ತಾಳ್ಮೆ ಕೊಡು, ಹೆಸರಿನ ಆಸೆಯಿಂದ ಬಿಡಿಸು. ಕಳಿಸೋ ಮನೆಗಳಿಗೆ ಬೇಕಾದದ್ದನ್ನ ಒದಗಿಸು. ಈ ಭಾಷೆಗಾಗಿ ಜೀವ ಸವೆಸಿದ ನಿನ್ನ ದಾಸರಿಗಾಗಿ ನಿನಗೆ ಸ್ತೋತ್ರ. ಈ ಕಾವೇರಿ ದಡದಿಂದಲೂ ಅಂಥವರನ್ನ ಎಬ್ಬಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.